ನಯವಾಗಿ ತೋಡಿದ ಸೇವಂತಿಗೆ

ನಾನು ಆ ಸೇವಂತಿಗೆ ಅರಳಿದ್ದನ್ನು ಮೊದಲು ಕಂಡದ್ದು ೨೦೧೨ರ ಡಿಸೆಂಬರ್ ಒಂದು, ಶನಿವಾರ, ಬೆಳಿಗ್ಗೆ ಏಳೂಕಾಲಿಗೆ, ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಗೇಟಿನ ಬಳಿ. ಹಳದಿ ಹೂವಿನ ಹನ್ನೆರಡು ಗಿಡ, ಪಕ್ಕದಲ್ಲಿ ಒಂದು ಬೋರ್ಡು. ನಾಚಿಕೆಯ ಕಥೆ, ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಗಂಡ ತೀರಿಕೊಂಡ ಮೇಲೆ ಮಗ ಯೋಗೀಶನ ಮನೆಗೆ ಬಂದೆ. ಮೊಮ್ಮಗಳು ಇಂಚರಳಿಗೆ ನಾನು ಕನ್ನಡ ಅಕ್ಷರ, ಅವಳು ನನಗೆ ಮರಾಠಿ ಅಕ್ಷರ. ನಾಲ್ಕು ತಿಂಗಳಿಂದ ಅಡುಗೆಮನೆಯಲ್ಲಿ ನಮ್ಮ ವಿದ್ಯಾಪೀಠ ನಡೆದಿತ್ತು. ಆ ದಿನ ಯಾರ ಸಹಾಯವೂ ಇಲ್ಲದೆ ಜೀವನದ ಮೊದಲ ಮರಾಠಿ ಬೋರ್ಡು ಓದಿದೆ: ‘ಫುಲೆ ತೋಡು ನಯೆ.’

ಫುಲೆ ಎಂದರೆ ಹೂ, ಅದು ಮಾರ್ಕೆಟ್ಟಿನಲ್ಲಿ ಕಲಿತದ್ದು. ತೋಡು ಶುದ್ಧ ಕನ್ನಡ. ಬಾವಿ ತೋಡಿದ ಮನೆತನ ನಮ್ಮದು. ನಯೆ ಎಂದರೆ ನಯ. (ಇಲ್ಲಿನವರು ಸ್ವಲ್ಪ ಎಳೆದು ಹೇಳುತ್ತಾರೆ.) ಬೇಕಾದವರು ನಯವಾಗಿ ತೋಡಿಕೊಂಡು ಹೋಗಿ ಎಂದು ಸೊಸೈಟಿಯ ಉದಾರ ಅಪ್ಪಣೆ.

ನನಗೆ ಬೇಕಾದದ್ದು ಒಂದೇ ಗಿಡ. ಆದರೆ ಉಳಿದವರಿಗೆ ಆ ನಯ ಬರಬೇಕಲ್ಲ? ದೋಸೆ ಮಗುಚುವ ಸಟ್ಟುಗ ತಂದು, ಬುಡದಿಂದ ನಾಲ್ಕು ಬೆರಳು ಬಿಟ್ಟು, ಒಂದು ಬೇರೂ ಹರಿಯದಂತೆ ಹನ್ನೆರಡನ್ನೂ ಎಬ್ಬಿಸಿ ಒದ್ದೆ ಗೋಣಿಯ ಮೇಲೆ ಮಲಗಿಸಿದೆ.

ಆಗ ಕೆಳಗಿನ ಮನೆಯ ವೈದ್ಯ ಕಾಕಾ ಹಾಲು ಹಿಡಿದು ಬಂದರು. ಜುಲೈಯಿಂದ ಆ ಗಿಡಗಳನ್ನು ಸಾಕಿದವರು ಅವರು. ಹೂದೋಟದ ಸ್ಪರ್ಧೆಯಲ್ಲಿ ಕಳೆದ ಮೂರು ವರ್ಷವೂ ಎರಡನೆಯ ಬಹುಮಾನಕ್ಕೇ ನಿಂತವರು.

"ಆಜಿ, ಹೇ ಕಾಯ್ ಕೇಲಂ?" ಎಂದು, ಇದೇನು ಮಾಡಿಬಿಟ್ಟಿರಿ ಅನ್ನುವ ಮುಖದಲ್ಲಿ ಕಟ್ಟೆಯ ಮೇಲೆ ಕೂತರು.

"ನಯೆ," ಎಂದೆ ಹೆಮ್ಮೆಯಿಂದ, ಬೇರು ತೋರಿಸಿ. "ಬಹುತ್ ನಯೆ."

ಸೊಸೆ ತೃಪ್ತಿ ಇಂಚರಳ ಜೊತೆ ಇಳಿದು ಬಂದಳು. "ಎಂತ ಅತ್ತೆ ಇದು? ಸಂಜೆ ನಾಲ್ಕಕ್ಕೆ ಜಡ್ಜ್ ಬರ್ತಾರೆ."

"ಬೋರ್ಡಿನಲ್ಲಿ ಬರೆದದ್ದನ್ನೇ ಮಾಡಿದ್ದು."

"ಅಜ್ಜಿ," ಎಂದಳು ಇಂಚರ ಮೆಲ್ಲಗೆ, "ತೋಡು ಮತ್ಲಬ್ ಕೀಳೋದು. ನಯೆ ಮತ್ಲಬ್ ಬಾರದು."

"ನಾನು ಕಿತ್ತಿಲ್ಲವಲ್ಲ. ತೋಡಿದ್ದು." (ವಾದ ಸರಿಯಾಗಿತ್ತು. ಯಾರೂ ಒಪ್ಪಲಿಲ್ಲ.)

ಎಲ್ಲರೂ ಸೇರಿ ಮತ್ತೆ ನೆಟ್ಟೆವು. ನಾಲ್ಕಕ್ಕೆ ಹನ್ನೆರಡೂ ತಲೆ ಬಗ್ಗಿಸಿ ನಿಂತಿದ್ದವು, ಹದಿಮೂರನೆಯವಳು ನಾನು. ಆ ಸಲ ಎರಡನೆಯ ಬಹುಮಾನವೂ ಇಲ್ಲ. ಕಾಕಾ ಬೈಯಲಿಲ್ಲ. ಬೈದಿದ್ದರೆ ನನಗೆ ಊಟ ಇಳಿಯುತ್ತಿತ್ತು. ಒಂದು ವಾರ ಹಿಂದಿನ ಗೇಟಿನಿಂದಲೇ ಓಡಾಡಿದೆ.

ಎಂಟನೇ ದಿನ ಹಿಂದಿನ ಗೇಟಿಗೆ ಬೀಗ ಬಿದ್ದಿತ್ತು, ಮುಂದಿನಿಂದಲೇ ಹೋಗಬೇಕಾಯಿತು. ಗಿಡಗಳು ತಲೆ ಎತ್ತಿದ್ದವು. ಹಳೆಯ ಬೋರ್ಡಿನ ಪಕ್ಕ ಹೊಸದೊಂದು ರಟ್ಟು, ಕನ್ನಡದಲ್ಲಿ. ಕಾಕಾ ಹೇಳಿ ಬರೆಸಿದ್ದಂತೆ. ಅಕ್ಷರ ನಾನೇ ಕಲಿಸಿದ ಇಂಚರಳ ಸೊಟ್ಟ ಅಕ್ಷರ. ಇನ್ನೂರು ಜನರ ಸೊಸೈಟಿಯಲ್ಲಿ ನನ್ನೊಬ್ಬಳಿಗಾಗಿ ಹಾಕಿದ ಬೋರ್ಡು. ವಾಚ್‌ಮನ್ ಅದನ್ನೂ ನೋಡಿದ, ನನ್ನನ್ನೂ ನೋಡಿದ.

ಈ ಸಲ ಕೂಡಿಸಿ ಓದಬೇಕಾಗಲಿಲ್ಲ. ಸೇವಂತಿಗೆಯೇ ಕೇಳಿದಂತೆ ಬರೆದಿತ್ತು:

‘ಅಜ್ಜಿ, ನಾನು ಇಲ್ಲೇ ಇರಲಾ?’