ಟಕ್ ಅನ್ನೋವರೆಗೆ

ಇನ್ನು ಮೇಲೆ ನಮ್ಮ ಕಾರಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಕೂಡದು ಎಂದು ನಾನು ಊಟದ ಮೇಜಿನ ಮುಂದೆ ನಿಂತು, ಎದೆಯುಬ್ಬಿಸಿಕೊಂಡು ಘೋಷಿಸಿದೆ. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮೊದಲು ಆ ಕೈ ತೊಳ್ಕೊಂಡು ಬಂದು ಊಟ ಮಾಡಿ," ಎಂದಳು.

ವಿಷಯ ಇಷ್ಟೇ. ಎಂಜಿನ್ ಬಿಸಿಯಾಗದಂತೆ ಕಾಯುವ ಹಸಿರು ದ್ರವ, ಅದೇ ಕೂಲೆಂಟ್, ನಮ್ಮ ಕಾರಿನಿಂದ ಸ್ವಲ್ಪಸ್ವಲ್ಪವಾಗಿ ಮಾಯವಾಗುತ್ತಿತ್ತು. ಬಾನೆಟ್ ಎತ್ತಿದರೆ ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬವಿದೆ. ಅದರ ಮೈಮೇಲೆ ಮೇಲೊಂದು, ಕೆಳಗೊಂದು ಗೆರೆ. ದ್ರವ ಅವೆರಡರ ನಡುವೆ ಇರಬೇಕು. ನಮ್ಮದು ಕೆಳಗಿನ ಗೆರೆಯನ್ನೂ ದಾಟಿ ಇಳಿದಿತ್ತು. ತುಂಬಿಸಿದರೆ ಮತ್ತೆ ಇಳಿಯುತ್ತಿತ್ತು. ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ!

"ಮೆಕ್ಯಾನಿಕ್ ಹತ್ರ ಬಿಟ್ಟು ಬನ್ರಿ ಅತ್ಲಾಗೆ," ಎಂದಳು ಹೆಂಡತಿ. "ಶನಿವಾರ ಅಮ್ಮನ್ನ ಕಣ್ಣಾಸ್ಪತ್ರೆಯಿಂದ ಕರ್ಕೊಂಡು ಬರ್ಬೇಕು. ಆಪರೇಷನ್ ಆದ್ಮೇಲೆ ಕಣ್ಣಿಗೆ ಬಿಸಿಲು, ಧೂಳು ತಾಗಬಾರದು ಅಂದಿದಾರೆ ಡಾಕ್ಟ್ರು. ಅವತ್ತು ನಡುದಾರೀಲಿ ಕಾರು ಕೈ ಕೊಟ್ರೆ ಏನ್ರೀ ಗತಿ?"

"ನನ್ನ ಕೈಲಿರೋ ಕಾರು ಹೇಗೆ ಕೈ ಕೊಡತ್ತೆ? ಇದು ನೀರು ಕುಡಿದಷ್ಟು ಸುಲಭದ ಕೆಲಸ ಕಣೇ!"

"ನೀರು ಕುಡೀತಿರೋದು ಕಾರು. ನೀವಲ್ಲ."

ನನ್ನ ಅರ್ಹತೆಯ ಬಗ್ಗೆ ನಿಮಗೆ ಅನುಮಾನ ಬೇಡ. ಆಫೀಸಿನಲ್ಲಿ ಕೆಟ್ಟು ನಿಂತಿದ್ದ ಪ್ರಿಂಟರಿನ ಪಕ್ಕೆಗೆ ಒಂದು ಏಟು ಬಿಟ್ಟು ಅದಕ್ಕೆ ಮರುಜೀವ ಕೊಟ್ಟವನು ನಾನು. ಅಂದಿನಿಂದ ಅಲ್ಲಿ ಎಲ್ಲರೂ ನನ್ನನ್ನು 'ಎಂಜಿನಿಯರ್ ಸಾಹೇಬ್ರು' ಎಂದೇ ಕರೆಯುತ್ತಾರೆ. ನಗುತ್ತಾ ಕರೆಯುತ್ತಾರೆ ಎಂಬುದನ್ನು ನಾನು ಮನಸ್ಸಿಗೆ ಹಾಕಿಕೊಂಡಿಲ್ಲ.

ಮರುದಿನದಿಂದಲೇ ಚಿಕಿತ್ಸೆ ಶುರುವಾಯಿತು. ಬೆಳಗ್ಗೆ ಎದ್ದವನೇ ಬಾನೆಟ್ ಎತ್ತುವುದು, ಹಳೇ ಬನಿಯನ್ನಿನ ತುಂಡಿನಿಂದ ಡಬ್ಬ, ಪೈಪುಗಳನ್ನೆಲ್ಲ ಥಳಥಳ ಹೊಳೆಯುವಂತೆ ಒರೆಸುವುದು, ಮುಚ್ಚಳ ತೆಗೆದು ಒಳಗೆ ಇಣುಕಿ ನಿಟ್ಟುಸಿರು ಬಿಡುವುದು, ಒಂದಿಷ್ಟು ಕೂಲೆಂಟ್ ಸುರಿದು ಮತ್ತೆ ಮುಚ್ಚಳ ಕೂರಿಸುವುದು. ರೋಗಿಯನ್ನು ಪರೀಕ್ಷಿಸುವ ಮೊದಲು ಚೊಕ್ಕಟ ಮಾಡಿಕೊಳ್ಳಬೇಡವೇ?

ಒಂದು ಬೆಳಗ್ಗೆ ಹೀಗೆ ಚೊಕ್ಕಟ ಮಾಡುತ್ತಿದ್ದಾಗ ಅಡುಗೆಮನೆಯಿಂದ ಕೂಗು ಬಂತು.

"ಸಕ್ಕರೆ ಡಬ್ಬದ ಮುಚ್ಚಳ ಮತ್ತೆ ಮೇಲ್ಮೇಲೆ ಇಟ್ಟು ಹೋಗಿದೀರಲ್ರೀ! ಇರುವೆ ಸಾಲು ಹಿಡಿದಿದೆ!"

"ಹೇಗಿದ್ರೂ ಮತ್ತೆ ತೆಗೀಬೇಕಲ್ವೇನೇ?" ಎಂದು ಇಲ್ಲಿಂದಲೇ ಕೂಗಿದೆ.

ಇದು ನನ್ನ ಬಾಳಿನ ಸಿದ್ಧಾಂತ. ಸಕ್ಕರೆ ಡಬ್ಬವಾಗಲಿ, ಎಣ್ಣೆ ಬಾಟಲಿಯಾಗಲಿ, ಟೂತ್‌ಪೇಸ್ಟಾಗಲಿ, ಹೇಗಿದ್ದರೂ ಮತ್ತೆ ತೆಗೆಯಬೇಕಾದದ್ದನ್ನು ಉಸಿರು ಕಟ್ಟಿ ಬಿಗಿಯುವುದು ಯಾವ ಜಾಣತನ? ಇದಕ್ಕೆ ಹೆಂಡತಿ ದಿನಾ ಬೈಯುತ್ತಾಳೆ. ಅತ್ತೆ ಮಾತ್ರ ಏನೂ ಅನ್ನುವುದಿಲ್ಲ. ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಹಿಂದೆಯೇ ಓಡಾಡುತ್ತಾ ಒಂದೊಂದೇ ಮುಚ್ಚಳ ಮುಚ್ಚುತ್ತಾ ಬರುತ್ತಾರೆ, ಅಷ್ಟೆ.

ಇರಲಿ, ಸೋರಿಕೆಗೆ ಬರೋಣ. ಕಾರಿನಡಿ ರಟ್ಟು ಹಾಸಿ, ಎ.ಸಿ. ಹಾಕಿ ಎಂಜಿನ್ ಓಡಿಸಿದೆ. ಸ್ವಲ್ಪ ಹೊತ್ತಿಗೆ ರಟ್ಟಿನ ಮೇಲೆ ಟಪ್ ಟಪ್!

"ಸಿಕ್ಕಿಬಿಡ್ತು ಕಣೇ! ಬಾ ಇಲ್ಲಿ, ನೋಡು!"

ಅವಳು ಸೌಟು ಹಿಡಿದುಕೊಂಡೇ ಬಂದಳು. ಬಗ್ಗಿ, ಹನಿಗೆ ಬೆರಳು ತಾಗಿಸಿ ನೋಡಿದಳು.

"ಹಸಿರು ಎಲ್ರೀ? ಇದು ಎ.ಸಿ. ನೀರು. ಎಲ್ಲಾ ಕಾರಲ್ಲೂ ಬೀಳತ್ತೆ."

"ಹಾಗಂತ ನನಗೂ ಒಂದು ಅನುಮಾನ ಇತ್ತು," ಎಂದೆ. ಅವಳು ಬೆರಳನ್ನು ನನ್ನ ಅಂಗಿಗೆ ಒರೆಸಿ ಒಳಗೆ ಹೋದಳು.

ನನ್ನ ಅನುಮಾನ ಈಗ ಪೈಪುಗಳ ಮೇಲೆ ತಿರುಗಿತು. ಪೈಪಿನ ಹಿಂಭಾಗ ನೋಡಲು ಅವಳ ಕೈಗನ್ನಡಿ ತಂದೆ. ಅದು ಜಾರಿ ಎಂಜಿನ್ನಿನ ಸಂದಿಗೆ ಬಿತ್ತು. ಅದನ್ನು ಎತ್ತಲು ಅಡುಗೆಮನೆಯ ಇಕ್ಕಳ ತಂದೆ. ಇಕ್ಕಳ ಒಂದು ಪೈಪಿಗೆ ಸಿಕ್ಕಿಕೊಂಡಿತು. ಇಕ್ಕಳ ಬಿಡಿಸಲು ಆ ಪೈಪನ್ನೇ ಕಳಚಿದೆ. ಹಸಿರು ದ್ರವ ಬುಳಬುಳನೆ ಬಂತು! ಕೈಗೆ ಸಿಕ್ಕಿದ್ದು ಹಾಲು ಕಾಯಿಸುವ ಪಾತ್ರೆ, ಅದನ್ನೇ ಹಿಡಿದೆ.

ಹೆಂಡತಿ ಬಾಗಿಲಲ್ಲಿ ನಿಂತು ಒಂದೊಂದನ್ನೇ ಗುರುತು ಹಿಡಿದಳು.

"ಅದು ನನ್ನ ಕನ್ನಡಿ. ಅದು ನನ್ನ ಇಕ್ಕಳ. ಅಯ್ಯೋ, ಅದು ಹಾಲಿನ ಪಾತ್ರೆ! ವಿಷ ಕಣ್ರೀ ಅದು! ಆ ಪಾತ್ರೆ ಇನ್ನು ಹೊಸಲು ದಾಟಿ ಒಳಗೆ ಬರಬಾರದು. ನಿಮ್ಮ ವಿಷಯ ಆಮೇಲೆ ಯೋಚ್ನೆ ಮಾಡ್ತೀನಿ."

ಪೈಪನ್ನು ಮತ್ತೆ ಕೂರಿಸಿ, ಅದರ ಕ್ಲಿಪ್ಪನ್ನು ಪ್ರಾಣ ಹೋಗುವಂತೆ ಬಿಗಿದೆ. ಆ ಕಡೆಯಿಂದ ಒಂದು ತೊಟ್ಟೂ ಸೋರಲಿಲ್ಲ. ಡಬ್ಬದ ದ್ರವ ಮಾತ್ರ ಎಂದಿನಂತೆ ಇಳಿಯಿತು!

ಶುಕ್ರವಾರ ಅವಳು ಬೈಯಲಿಲ್ಲ. "ಟ್ಯಾಕ್ಸಿ ಹೇಳಲಾ? ಅಮ್ಮನ ಕಣ್ಣಿನ ವಿಷಯ ಕಣ್ರೀ," ಎಂದಳು ಮೆತ್ತಗೆ. ಬೈದಿದ್ದರೆ ಒಪ್ಪುತ್ತಿದ್ದೆನೋ ಏನೋ.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದೆ. ಅವಳು ಕೈಲಿದ್ದ ಫೋನು ಕೆಳಗಿಟ್ಟಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಶನಿವಾರ ಬೆಳಗ್ಗೆ ಗಡಿಬಿಡಿಯಲ್ಲಿ ಒರೆಸಿ, ಕೂಲೆಂಟ್ ತುಂಬಿಸಿ, ಮುಚ್ಚಳ ಕೂರಿಸಿ, ಆಸ್ಪತ್ರೆಗೆ ಹೊರಟೆವು. ಅತ್ತೆಯ ಒಂದು ಕಣ್ಣಿಗೆ ಪ್ಲಾಸ್ಟಿಕ್ ಕವಚ, ಅದರ ಮೇಲೆ ಕಪ್ಪು ಕನ್ನಡಕ. ಮಗಳ ಕೈ ಹಿಡಿದು ಮೆಲ್ಲಗೆ ಹಿಂದಿನ ಸೀಟಿನಲ್ಲಿ ಕುಳಿತರು.

"ನೀವೇ ಗಾಡಿ ತಂದಿರಲ್ಲ ಅಳಿಯಂದಿರೇ, ನನಗೆ ಯಾವ ಯೋಚ್ನೆನೂ ಇಲ್ಲ," ಎಂದರು. ನಾನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿ ಹುಬ್ಬು ಹಾರಿಸಿದೆ.

ಏರುರಸ್ತೆ, ಮುಂದೆ ಬಸ್ಸು, ಹಿಂದೆ ಲಾರಿ. ಕಾರು ತೆವಳುತ್ತಿದ್ದಂತೆ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ಎ.ಸಿ. ಆರಿಸಿದೆ. ಮುಳ್ಳು ಇನ್ನೂ ಏರಿತು. ಬಾನೆಟ್ಟಿನ ಅಂಚಿನಿಂದ ಸಿಹಿ ವಾಸನೆಯ ಹಬೆ ಎದ್ದಿತು. ಮುಚ್ಚಿದ್ದ ಒಂದು ಅಂಗಡಿಯ ನೆರಳಿಗೆ ಹೇಗೋ ತಂದು ನಿಲ್ಲಿಸಿದೆ.

ಒಳಗೆ ಸೆಕೆ, ಹೊರಗೆ ಧೂಳು. ಹೆಂಡತಿ ಸೆರಗಿನಿಂದ ತಾಯಿಯ ಮುಖಕ್ಕೆ ಮರೆ ಹಿಡಿದಳು. ನನ್ನತ್ತ ತಿರುಗಿಯೂ ನೋಡಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ನನ್ನ ಜಂಭಕ್ಕೆ ಅತ್ತೆಯ ಕಣ್ಣನ್ನು ಒತ್ತೆ ಇಟ್ಟೆನಲ್ಲ!

ಬಾನೆಟ್ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ಕನ್ನಡಕ ಸರಿ ಮಾಡಿಕೊಂಡು ಬಗ್ಗಿದೆ. ಅಷ್ಟರಲ್ಲಿ ಸೆಕೆ ತಡೆಯಲಾರದೆ ಅತ್ತೆ ಮಗಳ ಜೊತೆ ಇಳಿದು, ನೆರಳಲ್ಲೇ ನನ್ನ ಪಕ್ಕ ಬಂದು ನಿಂತರು.

"ಅಳಿಯಂದಿರೇ, ಆ ಮುಚ್ಚಳ ಯಾಕೆ ಸೊಟ್ಟಗೆ ಕೂತಿದೆ? ಅದರ ಸುತ್ತ ಹಸಿರು ಒಸರ್ತಾ ಇದೆಯಲ್ಲ."

"ಅತ್ತೆ, ನಿಮ್ಮ ಕಣ್ಣು..."

"ಒಂದು ಚೆನ್ನಾಗೇ ಇದೆ."

ಬಗ್ಗಿ ನೋಡಿದೆ. ಹೌದು! ಅರೆಬರೆ ತಿರುಗಿದ ಮುಚ್ಚಳದ ಸಂದಿಯಿಂದ ಹಬೆಯೂ ಹಸಿರು ನೊರೆಯೂ ಬುಸಬುಸ ಬರುತ್ತಿದ್ದವು. ಎಂಜಿನ್ ಬಿಸಿಯೇರಿದಾಗ ಇಲ್ಲಿಂದ ಒಸರಿದ್ದು, ಅಲ್ಲೇ ಒಣಗಿ ಕಲೆಯಾಗಿರುತ್ತಿತ್ತು. ಬೆಳಗ್ಗೆ ನಾನೇ ಆ ಕಲೆಯನ್ನು ಥಳಥಳ ಒರೆಸಿ, ಆಮೇಲೆ ಸೋರಿಕೆ ಎಲ್ಲಿ ಎಂದು ಹುಡುಕುತ್ತಿದ್ದೆ! ನೋಡಲೆಂದು ತೆಗೆದಷ್ಟೂ ಸಡಿಲ, ಸಡಿಲವಾದಷ್ಟೂ ಸೋರಿಕೆ, ಸೋರಿದಷ್ಟೂ ಮತ್ತೆ ತೆಗೆದು ನೋಡುವ ಆತುರ.

ಕೈ ಚಾಚಿದೆ. "ಮುಟ್ಟಬೇಡಿ, ಸುಟ್ಕೋತೀರಿ. ಆರಲಿ," ಎಂದರು ಅತ್ತೆ.

ಎಂಜಿನ್ ತಣ್ಣಗಾಗುವವರೆಗೂ ಮೂವರೂ ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆವು. ಆಮೇಲೆ ಡಿಕ್ಕಿಯಲ್ಲಿದ್ದ ಕೂಲೆಂಟ್ ಸುರಿದು ಮುಚ್ಚಳ ತಿರುಗಿಸಿದೆ.

"ಇನ್ನೂ," ಎಂದರು ಅತ್ತೆ.

"ಸಾಕು ಅತ್ತೆ."

"ಇನ್ನೂ."

ಟಕ್! ಇಷ್ಟು ದಿನದಲ್ಲಿ ನಾನು ಆ ಸದ್ದನ್ನೇ ಕೇಳಿರಲಿಲ್ಲ. ಕಾರು ನಿಂತ ಮೇಲೆ ಹೆಂಡತಿ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಹೇಗಿದ್ರೂ ಮತ್ತೆ ತೆಗೀಬೇಕಲ್ವೇನೇ," ಎಂದಳು, ಥೇಟ್ ನನ್ನ ದನಿಯಲ್ಲೇ.

ಮುಳ್ಳು ಆಮೇಲೆ ಅಲುಗಾಡಲಿಲ್ಲ. ಮನೆ ಸೇರಿ, ಅತ್ತೆಯ ಕಣ್ಣಿಗೆ ಔಷಧಿ ಹಾಕಿ ಮಲಗಿಸಿದ ಮೇಲೆ ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಭಾಮೈದನ ಫೋನ್. ಯಾಕೆ ಭಾವ ಇಷ್ಟು ತಡ, ಕಾರಿಗೇನಾಯ್ತು ಎಂದು ಕೇಳಿದ. ಜೀವದ ಜೊತೆ ಜಂಭವೂ ವಾಪಸು ಬಂದಿತ್ತು, ಏನು ಮಾಡಲಿ!

"ಅದೊಂದು ಬಹಳ ಸೂಕ್ಷ್ಮವಾದ ಸೋರಿಕೆ ಕಣಯ್ಯಾ," ಎಂದು ಶುರು ಮಾಡಿದೆ. "ಒತ್ತಡಕ್ಕೆ ಸಂಬಂಧಪಟ್ಟ ಸಮಸ್ಯೆ. ಬೇರೆಯವರಾಗಿದ್ರೆ ಎಂಜಿನ್ನೇ ಬಿಚ್ಚಿಸಿಬಿಡ್ತಿದ್ರು. ನಾನು ದಿನಾ ಅಧ್ಯಯನ ಮಾಡಿ, ಕೊನೆಗೆ ಮೂಲವನ್ನೇ..."

ಕೋಣೆಯೊಳಗಿಂದ ಅತ್ತೆಯ ದನಿ ಬಂತು. ಇಷ್ಟು ವರ್ಷ ನನಗೆ ಏನೂ ಅನ್ನದ ಅತ್ತೆ!

"ಅಳಿಯಂದಿರೇ, ಹೇಗಿದ್ರೂ ಮತ್ತೆ ತೆಗೀತೀರಿ, ನನಗೆ ಗೊತ್ತು. ಆದ್ರೂ ಈಗೊಂದು ಸಲ ಬಾಯಿ ಮುಚ್ಚಿ. ಟಕ್ ಅನ್ನೋವರೆಗೆ."