ಕೆಳಮನೆಯ ಟೀವಿಗೆ ಅನುಮತಿ ಇಲ್ಲ

ಸಣ್ಣ ಅಧಿಕಾರ ಕೆಡಿಸುವಷ್ಟು ಮನುಷ್ಯನನ್ನು ಬೇರೆ ಯಾವುದೂ ಕೆಡಿಸುವುದಿಲ್ಲ. ಇದು ನನ್ನ ಸ್ವಂತ ಅನುಭವ. ಕಾಲೇಜೊಂದರ ಆಫೀಸಿನಲ್ಲಿ ಕೂತು, ಹಾಜರಿ ಕಡಿಮೆಯಾದ ಹುಡುಗರ ಹಾಲ್ ಟಿಕೆಟ್ ತಡೆಹಿಡಿಯುವುದರಲ್ಲೇ ಅರ್ಧ ಆಯಸ್ಸು ಕಳೆದವನು ನಾನು. ಮನೆಯಲ್ಲಿ ಮಾತ್ರ ನನ್ನನ್ನು ಕೇಳಿ ಯಾರೂ ಏನೂ ಮಾಡುವುದಿಲ್ಲ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕಲೋ ಬೇಡವೋ ಎಂದು ಕೂಡ ಕೇಳುವುದಿಲ್ಲ. ಹೀಗಿರುವಾಗ ನನ್ನ ಕಂಪ್ಯೂಟರ್ ಒಂದು ದಿನ ಪಟ್ಟಿಯೊಂದನ್ನು ಬಿಚ್ಚಿ, ತನ್ನಲ್ಲಿರುವ ಹಾಡು, ಫೋಟೊ, ವಿಡಿಯೊಗಳನ್ನು ಮನೆಯ ಯಾವ ಫೋನು, ಯಾವ ಟೀವಿ ನೋಡಬಹುದು, ಯಾವುದು ನೋಡಬಾರದು ಎಂದು ಬಹಳ ವಿನಯದಿಂದ ಕೇಳಿತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ.

ವಿದ್ಯಾನಗರದ ನಮ್ಮ ಮನೆಗೆ ಎರಡು ಅಂತಸ್ತು. ಮೇಲೆ ನಾನು, ನನ್ನ ಹೆಂಡತಿ. ಕೆಳಗೆ ತಮ್ಮ ರುದ್ರೇಶನ ಸಂಸಾರ, ಅವರ ಜೊತೆ ಅವ್ವ. ವೈಫೈ ಎರಡೂ ಮನೆಗೆ ಒಂದೇ, ಅದರ ಡಬ್ಬಿ ನನ್ನ ಮೇಜಿನ ಮೇಲೆ. ಆ ವಾರ ಮೆಟ್ಟಿಲ ಕೆಳಗಿನ ನೆರಳಿನಲ್ಲಿ ಯಾರ ಸ್ಕೂಟರ್ ನಿಲ್ಲಬೇಕೆಂದು ಅಣ್ಣತಮ್ಮಂದಿರಿಗೆ ಜಗಳವಾಗಿತ್ತು. "ಬಿಸಿಲಿಗೆ ನಿನ್ನ ಗಾಡಿ ಏನು ಕರಗಿ ಹೋಗ್ತೈತೇನಣ್ಣ?" ಎಂದು ಅವನು ಓಣಿಗೆಲ್ಲ ಕೇಳುವಂತೆ ಅಂದಿದ್ದ. ತಕ್ಕ ಉತ್ತರ ನನಗೆ ಹೊಳೆದದ್ದು ಎರಡು ದಿನದ ಮೇಲೆ, ಆ ಪಟ್ಟಿಯ ಮುಂದೆ. ಅದರಲ್ಲಿದ್ದ ಹೆಸರುಗಳೆಲ್ಲ ಅಂಕಿ ಅಕ್ಷರಗಳ ಕಲಸುಮೇಲೋಗರ. ಮೊದಲು ತಡೆದದ್ದು ಹೆಂಡತಿಯ ಫೋನನ್ನೇ. "ಏನ್ರೀ, ನನ್ನ ಹಾಡೆಲ್ಲ ಎಲ್ಲಿ ಹೋದ್ವು?" ಎಂದು ಅಡುಗೆಮನೆಯಿಂದ ಕೂಗು ಬಂದ ಮೇಲೆ ಅದನ್ನು ಬಿಡುಗಡೆ ಮಾಡಿ, ಕೊನೆಗೂ ತಮ್ಮನ ಟೀವಿಯನ್ನು ಪತ್ತೆಹಚ್ಚಿ 'ತಡೆ' ಒತ್ತಿದೆ. ಅವತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ತಮ್ಮ ಬಂದು ಕೇಳುತ್ತಾನೆಂದು ಹತ್ತು ದಿನ ಕಾದೆ. ಬರಲಿಲ್ಲ. ಭಾನುವಾರ ಮಧ್ಯಾಹ್ನ ಅವ್ವನನ್ನು ಮಾತಾಡಿಸಲು ಇಳಿದರೆ, ಅವಳು ಆರಿದ ಟೀವಿಯ ಎದುರು ಸುಮ್ಮನೆ ಕೂತಿದ್ದಳು.

"ನಿನ್ನ ತಂಗಿ ಮದುವಿ ವಿಡಿಯೊ ಸವೆದು ಹೋತಪ್ಪ," ಅಂದಳು. "ದಿನಾ ಉಂಡ ಮ್ಯಾಲೆ ನೋಡ್ತಿದ್ದೆ. ಅಷ್ಟು ಸಲ ಹಾಕಬಾರ್ದಿತ್ತು. ನಂದೇ ತಪ್ಪು."

ಹರಿಹರದ ಛತ್ರದಲ್ಲಿ ನಡೆದ ಮದುವೆ ಅದು. ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷದ್ದು. ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿಟ್ಟವನು ನಾನೇ, ಆಮೇಲೆ ಒಮ್ಮೆಯೂ ತೆರೆದವನಲ್ಲ. ಕ್ಯಾಸೆಟ್ ಕಾಲದ ಅವ್ವ ಅದೂ ಸವೆಯುತ್ತದೆಂದು ತಿಳಿದಿದ್ದಳು.

"ರುದ್ರೇಶಗೆ ಹೇಳಲಿಲ್ಲೇನವ್ವ?"

"ಹೇಳ್ದೆ. ಮ್ಯಾಲೆ ಹೋಗಿ ಅಣ್ಣನ್ನ ಕೇಳು ಅಂದೆ. ನಾ ಹೋಗಲ್ಲ ಅಂದ."

ಮೇಲೆ ಓಡಿ ಅನುಮತಿ ಕೊಟ್ಟು ಬಂದು, ರಿಪೇರಿ ಮಾಡಿದೆನೆಂದು ಹೇಳಿದೆ. "ನೀ ಬಂದಿದ್ದು ಚಲೋ ಆತು ನೋಡು," ಎಂದು ಅವ್ವ ನನ್ನ ಬೆನ್ನು ಸವರಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಟೀವಿಯಲ್ಲಿ ಪಂಕ್ತಿ ಕೂತಿತ್ತು. ಅಪ್ಪ ಸೊಂಟಕ್ಕೆ ಟವೆಲ್ ಬಿಗಿದು, "ಹುಗ್ಗಿ ತರ್ರೋ!" ಎಂದು ಕೂಗುತ್ತ ಹಾದುಹೋದ. ಅವನ ಹಿಂದೆಯೇ ನಾನೂ ರುದ್ರೇಶನೂ ಹುಗ್ಗಿಯ ಬಕೆಟ್ಟನ್ನು ಆಚೆ ಈಚೆ ಹಿಡಿದುಕೊಂಡು ಬಂದೆವು. ಅವ್ವ ಅಲ್ಲಿಗೆ ವಿಡಿಯೊ ನಿಲ್ಲಿಸಿದಳು.

"ಅಪ್ಪ ಹೋದನಲ್ಲವ್ವ, ಸ್ವಲ್ಪ ಹಿಂದಕ್ಕೆ ತಗೊ," ಎಂದೆ.

"ಅವ್ರು ಹೋದ್ರು ಬಿಡು. ನಾ ದಿನಾ ನಿಲ್ಲಿಸೋದು ಇಲ್ಲಿಗೇ. ಇಬ್ರೂ ಒಂದೇ ಬಕೀಟು ಹಿಡ್ಕೊಂಡೀರಿ ನೋಡು."

ನೋಡಿದೆ. ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಮರುದಿನ ನನ್ನ ಸ್ಕೂಟರನ್ನು ಬಿಸಿಲಿಗೆ ನಿಲ್ಲಿಸಿದೆ. ಸಂಜೆ ನೋಡಿದರೆ ಅವನದೂ ಬಿಸಿಲಿನಲ್ಲೇ ನಿಂತಿದೆ. ಈಗ ದಿನವೂ ಹಾಗೆಯೇ. ಮೆಟ್ಟಿಲ ಕೆಳಗಿನ ನೆರಳು ಖಾಲಿ. ಗಾಡಿಯ ಸೀಟು ಮುಟ್ಟಿದರೆ ಸುಡುತ್ತದೆ. ಆದರೂ ಮೊದಲು ಅವನೇ ಮಾತಾಡಿಸಲಿ ಎಂದು ಕಾಯುತ್ತಿದ್ದೇನೆ.