ಸೋದರಮಾವನ ಇಪ್ಪತ್ತು ಕೆಜಿ ಕಲ್ಲು

ಚಲುವಯ್ಯನ ಸಂಕಟಕ್ಕೆಲ್ಲ ಕಾರಣ ಅವನ ಅಕ್ಕನ ಮನೆಯ ನಾಲ್ಕು ಎಮ್ಮೆಗಳು. ಅವುಗಳ ಹಾಲು ಬೆಣ್ಣೆಯಲ್ಲಿ ಮೈತುಂಬಿಕೊಂಡು ಬೆಳೆದ ಅಕ್ಕನ ಮಗಳು ಪ್ರಮೀಳಾಳಿಗೆ ಮದುವೆ ಗೊತ್ತಾಗಿತ್ತು. ಹೆಣ್ಣನ್ನು ಕೋಣೆಯಿಂದ ಹಸೆಮಣೆಯವರೆಗೆ ಸೋದರಮಾವನೇ ಎತ್ತಿಕೊಂಡು ಬರಬೇಕು, ಅದು ಅವರ ಕಡೆಯ ಪದ್ಧತಿ. ಇರುವ ಒಬ್ಬನೇ ಸೋದರಮಾವ ಚಲುವಯ್ಯ. ಪಾಂಡವಪುರದ ಬೆಲ್ಲದ ಮಂಡಿಯಲ್ಲಿ ಗುಮಾಸ್ತನಾದ ಅವನು ಇಷ್ಟು ವರ್ಷದಲ್ಲಿ ಎತ್ತಿದ ದೊಡ್ಡ ಭಾರವೆಂದರೆ ಊಟದ ಕ್ಯಾರಿಯರ್ರು.

"ನಿನ್ ಕೈಲಾಯ್ತದೇನ್ಲಾ? ನಾನೇ ಎತ್ಕತೀನಿ ಬುಡು," ಎಂದು ದಾಯಾದಿ ನರಸಯ್ಯ ಹತ್ತು ಜನರ ಮುಂದೆ ಮೀಸೆ ತಿರುವಿದ. ಚಲುವಯ್ಯನಿಗೆ ಅಳುವೇ ಬಂತು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಣ್ಣಮ್ಮಕ್ಕ. ಅವಳ ಮಗಳನ್ನು ನಾಲ್ಕು ಹೆಜ್ಜೆ ಹೊರಲಾಗದಿದ್ದರೆ ತಮ್ಮನಾಗಿ ಹುಟ್ಟಿ ಏನು ಬಂತು?

ದಾರಿ ತೋರಿಸಿದವರು ಮಂಡಿಯ ಮಾಲೀಕ ಶಹಾಬುದ್ದೀನ್ ಸಾಹೇಬರು. ಬೆಲ್ಲ ತೂಗುವ ಇಪ್ಪತ್ತು ಕೆಜಿಯ ಕಬ್ಬಿಣದ ಕಲ್ಲನ್ನು, ಮೇಲೊಂದು ಹಿಡಿ ಇರುವುದನ್ನು, ಅವನ ಮುಂದಿಟ್ಟರು.

"ಇದನ್ನ ಕಾಲ್ ಸಂದಿಯಿಂದ ಬೀಸಿ ಎದೆ ಮಟ್ಟಕ್ಕೆ ತನ್ನಿ ಚಲುವಣ್ಣ. ನಮ್ಮ ಅಬ್ಬಾಜಾನ್ ದಿನಾ ಮಾಡೋರು. ಕೈ, ಬೆನ್ನು, ತೊಡೆ, ದಮ್ಮು, ಸಬ್ ಕುಚ್ ಬರ್ತದೆ."

"ಬರೀ ರಟ್ಟೆ ಬತ್ತದೆ. ಸೊಂಟ ವೋಯ್ತದೆ," ಎಂದ ಪಕ್ಕದ ಔಷಧಿ ಅಂಗಡಿಯ ರವೀಂದ್ರ.

ಎರಡು ತಿಂಗಳು ಬೆಳಗಾದರೆ ಇದೇ ಕೆಲಸ. ಮೊದಲ ವಾರ ಕಲ್ಲು ಇವನನ್ನು ಬೀಸಿತು, ಆಮೇಲೆ ಇವನು ಕಲ್ಲನ್ನು ಬೀಸಿದ. ಅಂಗಿಯ ತೋಳು ಬಿಗಿಯಾಯಿತು. ಮಂಡಿಯ ಮೆಟ್ಟಿಲು ಹತ್ತಿದರೆ ಬರುತ್ತಿದ್ದ ಏದುಸಿರು ನಿಂತುಹೋಯಿತು. ರವೀಂದ್ರ ಕೂಡ ಬಂದು ರಟ್ಟೆ ಮುಟ್ಟಿ ನೋಡಿ ತಲೆಯಾಡಿಸಿದ. ಮದುವೆಯ ಬೆಳಗ್ಗೆ ಚಲುವಯ್ಯ ಕಲ್ಲಿಗೂ ಸಾಹೇಬರಿಗೂ ಕೈ ಮುಗಿದು ಬಸ್ಸು ಹತ್ತಿದ.

ಕೆ.ಆರ್.ಪೇಟೆಯ ಛತ್ರಕ್ಕೆ ಅವನಿಗಿಂತ ಮೊದಲೇ ಸುದ್ದಿ ತಲುಪಿತ್ತು. "ಕಲ್ಲೆತ್ತೋ ಚಲುವಣ್ಣ ಬಂದವ್ನೆ!" ಎಂದು ಅಡುಗೆಯ ಕುಳ್ಳಯ್ಯ ಓಡಿಬಂದು, "ಅಣ್ಣಾ, ಈ ಸಿಲಿಂಡರ್ ಒಳಿಕ್ ತಂದ್ಕೊಡಿ, ನಿಮ್ ಎಸ್ರು ಯೋಳ್ಕಂಡ್ ಒಲೆ ಹಚ್ತೀನಿ," ಎಂದ. ಚಲುವಯ್ಯ ಎತ್ತಿಟ್ಟ. ಜನ ಚಪ್ಪಾಳೆ ತಟ್ಟಿದರು. ಅವನು ಕೆಟ್ಟಿದ್ದೇ ಅಲ್ಲಿ.

ಆಮೇಲೆ ಅನ್ನದ ಕೊಪ್ಪರಿಗೆ. ಆಮೇಲೆ ವಿಡಿಯೋದವನ ಲೈಟಿಗೆ ಜನರೇಟರು. ಆಮೇಲೆ ನಾಗಮಂಗಲದಿಂದ ಬಂದ ಗಂಡಿನ ಅಜ್ಜಿ ಚಿಕ್ಕಬೋರಮ್ಮ. ಮಹಡಿಗೆ ಎತ್ತಿಕೊಂಡು ಹೋದರೆ, "ನೂರ್ಕಾಲ ಬಾಳ್ಲಾ ಮಗಾ," ಎಂದು ಹರಸಿ, "ಇಲ್ಲಿ ಸೆಕೆ ಕಣ್ಲಾ, ಕೆಳಿಕ್ಕೇ ಬುಟ್ಬುಡು," ಅಂದಳು. ಎಲ್ಲರೂ ಅವನ ಉಪಕಾರ ಸ್ಮರಿಸುವವರೇ. ಇಷ್ಟು ಹೊಗಳಿಕೆ ಹುಟ್ಟಿದಾಗಿನಿಂದ ಕೇಳಿರದ ಚಲುವಯ್ಯನಿಗೆ ಆಗಲ್ಲ ಅನ್ನಲು ಬಾಯಿ ಬರಲಿಲ್ಲ.

ಮುಹೂರ್ತದ ಹೊತ್ತಿಗೆ ಕಾಫಿ ಲೋಟ ಹಿಡಿದರೆ ಕಾಫಿಯೆಲ್ಲ ಅಂಗಿಯ ಮೇಲೆ. ಓಲಗ ಜೋರಾಯಿತು. ಬಾಗಿಲಲ್ಲಿ ಜರತಾರಿ ಸೀರೆಯ ಪ್ರಮೀಳಾ ತಲೆ ತಗ್ಗಿಸಿ ನಿಂತಿದ್ದಳು. ಸುತ್ತ ಹೆಂಗಸರ ಗುಂಪು. ನರಸಯ್ಯ ತೋಳು ಮಡಚಿ ಹತ್ತಿರವೇ ಕಾದಿದ್ದ. ಚಲುವಯ್ಯ ಕಣ್ಣು ಮುಚ್ಚಿ, ಅಕ್ಕನನ್ನು ನೆನೆದು, ಹುಡುಗಿಯ ಸೊಂಟ ತಬ್ಬಿ ಉಸಿರು ಬಿಗಿಹಿಡಿದ.

ಹತ್ತಿಯ ಮೂಟೆಯಂತೆ ಬಂದಳು! ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಕಣ್ಣು ತೆರೆದರೆ ಹಸೆಮಣೆ. ಛತ್ರವೇ ಕೂಗಿಕೊಂಡಿತು.

"ನನ್ನಪ್ಪಾ, ಅವ್ವನ್ ಜಾಗ್ದಲ್ ನಿಂತು ಸಾಕಿದ್ದು ಸಾರ್ಥಕವಾಯ್ತು ಕಣ್ಲಾ," ಎಂದು ಅಣ್ಣಮ್ಮ ಅತ್ತಳು. ನರಸಯ್ಯನೂ ಬಂದು ಕೈ ಕುಲುಕಿದ. ಕಲ್ಲು ಕೊಟ್ಟ ಸಾಹೇಬರನ್ನು ಚಲುವಯ್ಯ ಮನಸ್ಸಿನಲ್ಲೇ ನೂರು ಸಲ ನೆನೆದ.

ಹುಡುಗಿಯನ್ನು ಹರಸಲು ಬಗ್ಗಿದಾಗ ಪ್ರಮೀಳಾ ಪಿಸುಗುಟ್ಟಿದಳು. "ಮಾವ, ಯಾರ್ಗೂ ಯೋಳ್ಬೇಡಿ. ನಿಮ್ ಕೈ ನಡುಗ್ತಿದ್ದುದ್ ಕಂಡೆ. ನಾನೇ ನಡ್ಕಂಡ್ ಬಂದೆ. ಸೀರೆ ನೆಲ ಗುಡಿಸ್ತಿತ್ತು, ಕಾಲು ಕಾಣ್ಲಿಲ್ಲ."

"ನನ್ನವ್ವಾ, ಮಾನ ಉಳಿಸ್ದೆ. ಸಾಯೋಗಂಟ ಮರೆಯಾಕಿಲ್ಲ," ಎಂದು ಚಲುವಯ್ಯ ಅವಳ ತಲೆ ಸವರಿದ.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಗಂಡಿನ ಅಪ್ಪ ದೇವಯ್ಯ ಎದುರಿಗೆ ಕೈ ಜೋಡಿಸಿ ನಿಂತಿದ್ದ. "ನಮ್ ಕಡೆ ಗಂಡುನ್ನೂ ಸೋದರಮಾವ್ನೇ ಎತ್ಕಂಡ್ ಬರೋದು ಸ್ವಾಮಿ. ನಮ್ ಬಾವ್ಮೈದ ನೆನ್ನೆ ಸೊಂಟ ಉಳುಕುಸ್ಕಂಡ್ ಮನ್ಗವ್ನೆ. ನಿಮ್ಮಂಥ ಗಟ್ಟಿಗ್ರು ಸಿಕ್ಕಿದ್ದು ನಮ್ ಪುಣ್ಯ. ನೀವೇ ನಡೆಸ್ಕೊಡ್ಬೇಕು."

ಛತ್ರದ ಬಾಗಿಲಲ್ಲಿ ಮದುಮಗ ನಿಂತಿದ್ದ. ಗರಡಿಯಲ್ಲಿ ಬೆಳೆದ ಮೈ, ಪ್ರಮೀಳಾಳಂಥವರು ಇಬ್ಬರಾಗುತ್ತಿದ್ದರು. ಆಗಲ್ಲ ಅಂದರೆ ಹೆಣ್ಣನ್ನು ಎತ್ತಲು ಹೇಗಾಯಿತು ಎಂದು ಕೇಳುತ್ತಾರೆ, ಹುಡುಗಿಯ ಗುಟ್ಟು ರಟ್ಟಾಗುತ್ತದೆ. ಓಲಗ ಮತ್ತೆ ಶುರುವಾಯಿತು. ವಿಡಿಯೋದವನ ಲೈಟು ನೇರ ಮುಖಕ್ಕೆ ಬಿತ್ತು.

ಚಲುವಯ್ಯ ನಗುತ್ತಲೇ ಹೋಗಿ ಮದುಮಗನನ್ನು ಬಿಗಿಯಾಗಿ ತಬ್ಬಿಕೊಂಡು ಕಿವಿಯಲ್ಲಿ ಹೇಳಿದ:

"ಅಳಿಯಂದ್ರೇ, ನಿಮ್ಗೆ ಕೈ ಮುಗೀತೀನಿ. ಪಂಚೆಯ ಒಸಿ ಕೆಳಿಕ್ ಇಳುಸ್ಕಳಿ."